ಶಾಲೆ ಇದ್ದಲ್ಲಿ ಎಡಕ್ಕೆ

ನೂಲಾ ಮೆಕ್‌ಗಿನ್ಲಿ ಅವರಿಗೆ ದಾರಿ ಹೇಳಲು ಬರುವುದಿಲ್ಲ.

ಹತ್ತೊಂಬತ್ತು ವರ್ಷಗಳಿಂದ ಅವರು ಸೈಕಲ್ ಪ್ರವಾಸಿಗಳ ಚೀಲಗಳನ್ನು ಒಂದು ತಂಗುಮನೆಯಿಂದ ಇನ್ನೊಂದಕ್ಕೆ ವ್ಯಾನಿನಲ್ಲಿ ಸಾಗಿಸುತ್ತಿದ್ದಾರೆ. ಪ್ರತಿ ಬೆಳಿಗ್ಗೆ ಆ ದಿನದ ರಸ್ತೆಯನ್ನು ಪ್ರವಾಸಿಗಳಿಗೆ ವಿವರಿಸುವುದೂ ಅವರದೇ ಕೆಲಸ. ಚೀಲಗಳು ಇದುವರೆಗೆ ತಪ್ಪಿ ಎಲ್ಲಿಗೂ ಹೋಗಿಲ್ಲ. ಜನ ಹೋಗಿದ್ದಾರೆ.

ಸೆಪ್ಟೆಂಬರ್ ಕೊನೆಯ ವಾರ. ಪೋರ್ಟ್‌ಗರೀವ್ ಊರಿನ ತಂಗುಮನೆಯ ಅಂಗಳದಲ್ಲಿ ಇನ್ನೂ ಸರಿಯಾಗಿ ಬೆಳಕಾಗಿಲ್ಲ. ಸಮುದ್ರದ ಕಡೆಯಿಂದ ಬಂದ ಮಂಜು ಗೋಡೆಗೆ ಒರಗಿಸಿಟ್ಟ ಸೈಕಲ್‌ಗಳ ಮೇಲೆ ಹನಿಯಾಗಿ ಕೂತಿದೆ. ನೂಲಾ ವ್ಯಾನಿನ ಹಿಂಬಾಗಿಲು ತೆರೆದು, ಒಂದೊಂದೇ ಚೀಲವನ್ನು ಮೊದಲು ಮೊಣಕಾಲ ಮೇಲೆ ಏರಿಸಿ, ಅಲ್ಲಿಂದ ಒಳಕ್ಕೆ ನೂಕುತ್ತಾರೆ. ಐವತ್ತೆಂಟರ ಸೊಂಟಕ್ಕೆ ಬೇರೆ ಉಪಾಯವಿಲ್ಲ. ತಂಗುಮನೆಯ ಒಡೆಯ ಮ್ಯಾನಸ್ ಒಲೆಯ ಮೇಲೆ ಮೊಟ್ಟೆ ಬಿಟ್ಟು ಬಂದು ಟೈರುಗಳಿಗೆ ಗಾಳಿ ಹೊಡೆಯುತ್ತಿದ್ದಾನೆ. ಇಬ್ಬರೂ ಒಂದೇ ಶಾಲೆಯಲ್ಲಿ ಒಂದೇ ಬೆಂಚಿನಲ್ಲಿ ಕೂತವರು.

"ಇವತ್ತು ನಡುಗ್ತಾ ಇದ್ದೀಯಲ್ಲೇ," ಎನ್ನುತ್ತಾನೆ ಮ್ಯಾನಸ್.

"ಚಳಿ ಕಣೋ. ನಿನ್ನ ಮೊಟ್ಟೆ ಸೀದ ವಾಸನೆ ಬರ್ತಿದೆ, ಹೋಗು."

ಚಳಿಯಲ್ಲ. ಇಂದು ನೂಲಾ ಅವರಿಗೆ ಪರೀಕ್ಷೆ. ಪಟ್ಟಣದ ಪ್ರವಾಸ ಕಚೇರಿಯಿಂದ ಕಿಯೆರನ್ ಎಂಬ ಹುಡುಗ ತನ್ನ ಸೈಕಲ್ ಸಮೇತ ಬಂದಿದ್ದಾನೆ. ಅವನು ಒಳನಾಡಿನವನು, ಈ ಕಡೆಯ ಗುಡ್ಡ ಹತ್ತಿದವನಲ್ಲ. ನೂಲಾ ಬಾಯಲ್ಲಿ ಹೇಳಿದ್ದನ್ನಷ್ಟೇ ನಂಬಿ ಅವನು ಮೀನಕಾರ್ನ್ ಗುಡ್ಡ ಹತ್ತಿಳಿದು, ಆಚೆ ಕಡೆಯ ಆರ್ಡ್‌ಬಾನ್ ಬಂದರಿಗೆ ಹದಿನಾಲ್ಕು ಮೈಲಿ ಹೋಗಿ ಮುಟ್ಟಬೇಕು. ಮುಟ್ಟಿದರೆ ಮುಂದಿನ ವರ್ಷವೂ ಪ್ರವಾಸಿಗಳು ಈ ರಸ್ತೆಯಲ್ಲೇ ಬರುತ್ತಾರೆ. ದಾರಿ ತಪ್ಪಿದರೆ ಅವರೆಲ್ಲ ಕಣಿವೆಯಲ್ಲಿ ಹಳೆಯ ರೈಲು ಹಳಿ ಕಿತ್ತು ಮಾಡಿರುವ ಸಪಾಟು ಸೈಕಲ್ ದಾರಿ ಹಿಡಿಯುತ್ತಾರೆ. ಅಲ್ಲಿ ದಾರಿ ಕೇಳುವ ಪ್ರಮೇಯವೇ ಇಲ್ಲ, ತಪ್ಪಿಸಿಕೊಳ್ಳಬೇಕೆಂದರೂ ಆಗುವುದಿಲ್ಲ.

ಇಷ್ಟಕ್ಕೆಲ್ಲ ಕಾರಣ ಹೆಸ್ಟರ್ ಮತ್ತು ಮಾರೈಕೆ ಎಂಬ ಡಚ್ ಅಕ್ಕತಂಗಿಯರು. ಆಗಸ್ಟ್‌ನಲ್ಲಿ ಅವರಿಗೆ ನೂಲಾ ಎಂದಿನಂತೆ ಹೇಳಿದ್ದರು, ಶಾಲೆ ಹತ್ತಿರ ಎಡಕ್ಕೆ ತಿರುಗಿ ಎಂದು. ಅಕ್ಕತಂಗಿಯರು ಶಾಲೆ ಹುಡುಕುತ್ತಾ ನೇರ ಹೋದರು. ಗುಡ್ಡದ ಮೇಲೆ ಫೋನಿಗೆ ಸಿಗ್ನಲ್ ಇಲ್ಲ. ಕವಲಿನಲ್ಲಿದ್ದ ಕೈಮರವನ್ನು ಚಳಿಗಾಲದ ಬಿರುಗಾಳಿ ಕೆಡವಿತ್ತು, ಯಾರೂ ಮತ್ತೆ ನಿಲ್ಲಿಸಿರಲಿಲ್ಲ. ಅವರು ಹಿಡಿದ ರಸ್ತೆ ಜೌಗಿನ ನಡುವೆ ಸಾಗಿ ಒಂದು ಕೆರೆಯ ದಡದಲ್ಲಿ ಮುಗಿಯುತ್ತದೆ. ಸಂಜೆ ವ್ಯಾನಿನಲ್ಲಿ ಹುಡುಕುತ್ತಾ ಹೋದ ನೂಲಾ ಅವರಿಗೆ ಇಬ್ಬರೂ ಅಲ್ಲಿ ಬೂಟು ಬಿಚ್ಚಿ ನೀರು ಬಸಿಯುತ್ತಾ ಕೂತಿದ್ದು ಕಂಡಿತು.

"ಶಾಲೆ ಸಿಗಲೇ ಇಲ್ಲ," ಎಂದಳು ಹೆಸ್ಟರ್.

"ಅದನ್ನ ದಾಟ್ಕೊಂಡೇ ಬಂದ್ರಲ್ಲ ಮಗಳೇ," ಎಂದರು ನೂಲಾ.

ಹೇಳಿದ ಮೇಲೆ ತಮ್ಮ ಮಾತು ತಮಗೇ ಕೇಳಿಸಿತು ಎನ್ನುತ್ತಾರೆ. ತಾವೂ ಮ್ಯಾನಸ್ಸೂ ಓದಿದ ಆ ಶಾಲೆ ಮುಚ್ಚಿ ಮೂವತ್ತು ವರ್ಷವಾಗಿದೆ. ಚಾವಣಿ ತೆಗೆದರು, ಕಲ್ಲುಗಳನ್ನು ಲಾರಿಯಲ್ಲಿ ತುಂಬಿ ಬಂದರಿನ ತಡೆಗೋಡೆಗೆ ಒಯ್ದರು, ಉಳಿದ ಜಾಗದಲ್ಲಿ ಸ್ಪ್ರೂಸ್ ಗಿಡ ನೆಟ್ಟರು. ಈಗ ಅಲ್ಲಿ ಕಾಡು. ನೂಲಾ ಅವರಿಗೆ ಮಾತ್ರ ಅದು ಈಗಲೂ ಶಾಲೆ.

ಇದು ಅವರೊಬ್ಬರ ಚಾಳಿಯಲ್ಲ. ಪೋರ್ಟ್‌ಗರೀವ್‌ನಲ್ಲಿ ಎಲ್ಲರೂ ದಾರಿ ಹೇಳುವುದೇ ಹೀಗೆ. ಸೇತುವೆ ದಾಟಿ ಕಮ್ಮಾರನ ಅಂಗಡಿ, ಆಮೇಲೆ ಗ್ಯಾಲಗರ್ ಅಂಗಡಿ, ಏರಿನ ಮೇಲೆ ಡಾನ್ಸ್ ಹಾಲ್, ಮುದುಕ ಕಾನಲ್‌ನ ಮನೆ ಹತ್ತಿರ ನಾಯಿ ಇದೆ ಹುಷಾರು. ಅಂಗಡಿಗಳಿಲ್ಲ, ಹಾಲ್ ಇಲ್ಲ, ಕಾನಲ್ ಇಲ್ಲ, ನಾಯಿಯೂ ಇಲ್ಲ. ಹೊಸದಾಗಿ ಬಂದ ವೈದ್ಯೆ ಮೊದಲ ಚಳಿಗಾಲವಿಡೀ ರೋಗಿಗಳ ಮನೆ ಸಿಗದೆ ಬೈದುಕೊಂಡು ತಿರುಗಿದರು. ಎರಡನೆಯ ಚಳಿಗಾಲದಲ್ಲಿ ತಾವೇ "ಗ್ಯಾಲಗರ್ ಅಂಗಡಿ ಹತ್ರ ಬನ್ನಿ" ಎನ್ನತೊಡಗಿದರು. ಆ ಅಂಗಡಿ ಅವರು ಹುಟ್ಟುವ ಮೊದಲೇ ಮುಚ್ಚಿತ್ತು.

ಅಕ್ಕತಂಗಿಯರು ಊರಿಗೆ ಹೋದ ಮೇಲೆ ಕಚೇರಿಗೆ ದೂರು ಕೊಟ್ಟರು. ಅದು ತಪ್ಪೂ ಅಲ್ಲ. ಕಿಯೆರನ್ ಫೋನ್ ಮಾಡಿ, ಇರುವ ವಸ್ತುಗಳನ್ನು ಹಿಡಿದು ದಾರಿ ಹೇಳಲು ಕಲಿಯಿರಿ, ಒಂದು ತಿಂಗಳು ಸಮಯ ಇದೆ ಎಂದ.

"ಕೆಲಸ ಹೋದ್ರೆ ಇನ್ನೊಂದು ಸಿಗತ್ತೆ. ಆಸ್ಪತ್ರೆಗೆ ಬಟ್ಟೆ ಸಾಗಿಸೋಕೆ ಡ್ರೈವರ್ ಬೇಕಂತೆ," ಎನ್ನುತ್ತಾರೆ ನೂಲಾ. "ಆದ್ರೆ ಆ ಗುಡ್ಡದ ಮೇಲೆ ಈಗ ಹೊಗೆ ಏಳೋ ಮನೆ ಒಂದೂ ಇಲ್ಲ. ಈ ಸೈಕಲ್‌ನೋರೂ ಬರದೆ ಹೋದ್ರೆ ಅಲ್ಲಿ ಯಾರಿಗೆ ಅಂತ ಕೈ ಎತ್ತಲಿ?"

ಕೈ ಎತ್ತುವುದೆಂದರೆ ಸ್ಟೇರಿಂಗ್ ಬಿಡದೆ ತೋರುಬೆರಳೊಂದನ್ನೇ ಮೇಲಕ್ಕೆತ್ತುವುದು. ಎದುರಿಗೆ ಯಾರೇ ಬರಲಿ, ಇಲ್ಲಿನವರು ಹಾಗೆ ಮಾಡದೆ ಮುಂದೆ ಹೋಗುವುದಿಲ್ಲ. ಚಳಿಗಾಲದಲ್ಲಿ ಪ್ರವಾಸಿಗಳಿರದ ದಿನ ತಾವು ಕುರಿಗಳಿಗೂ ಬೆರಳೆತ್ತಿದ್ದುಂಟು ಎಂದು ನೂಲಾ ಒಪ್ಪಿಕೊಳ್ಳುತ್ತಾರೆ.

ತಿಂಗಳಿಡೀ ಅಭ್ಯಾಸ ನಡೆಯಿತು. ಮ್ಯಾನಸ್ ವ್ಯಾನಿನಲ್ಲಿ ಪಕ್ಕಕ್ಕೆ ಕೂತು ವಿದೇಶಿ ಪ್ರವಾಸಿಯ ಪಾತ್ರ ವಹಿಸಿದ.

"ನಾನು ಫ್ರಾನ್ಸ್‌ನೋನು ಅಂದ್ಕೊ. ಹೇಳು."

"ಸೇತುವೆ ದಾಟಿದ ಕೂಡ್ಲೆ ಕಮ್ಮಾರನ ಅಂಗಡಿ..."

"ಎಲ್ಲಿದೆ?"

"ಇಲ್ಲೇ, ಮುಳ್ಳುಪೊದೆ ಇದೆಯಲ್ಲ."

"ಮತ್ತೆ ಮುಳ್ಳುಪೊದೆ ಅನ್ನು."

"ಮುಳ್ಳುಪೊದೆ ರಸ್ತೆ ಉದ್ದಕ್ಕೂ ಇದೆ ಮಾರಾಯ. ಕಮ್ಮಾರನ ಅಂಗಡಿ ಒಂದೇ ಇದ್ದದ್ದು."

ಹೀಗೆ ಒಂದೊಂದನ್ನೇ ಬದಲಾಯಿಸಿದರು. ಕಮ್ಮಾರನ ಅಂಗಡಿ ಬಿಟ್ಟು ಕಬ್ಬಿಣದ ಸೇತುವೆಯನ್ನೇ ಗುರುತು ಮಾಡಿದರು. ಗ್ಯಾಲಗರ್ ಅಂಗಡಿಯ ಬದಲು ಯಾರೋ ರಸ್ತೆ ಬದಿ ಇಟ್ಟಿರುವ ಮೇವಿನ ಹಳದಿ ಡಬ್ಬ, ಡಾನ್ಸ್ ಹಾಲ್ ಬದಲು ಮೊಬೈಲ್ ಗೋಪುರ. ಆ ಗೋಪುರದಿಂದ ಸಿಗ್ನಲ್ ಬಂದದ್ದನ್ನು ಯಾರೂ ಕಂಡಿಲ್ಲ. ದಾರಿಯ ಮೇಲಿನ ಒಂಬತ್ತು ಮನೆಗಳನ್ನು ಹೆಸರೆತ್ತದೆ ಬಿಟ್ಟರು. ಆದರೆ ಶಾಲೆಯ ಕವಲಿನಲ್ಲಿ ಹೇಳಿಕೊಳ್ಳಲು ಏನೂ ಇರಲಿಲ್ಲ. ಎರಡೂ ಕಡೆ ಒಂದೇ ಎತ್ತರದ ಸ್ಪ್ರೂಸ್, ಒಂದೇ ಕತ್ತಲು.

"ಅಲ್ನೋಡು," ಎಂದ ಮ್ಯಾನಸ್. "ಎದುರಿಗೇ ಇದೆಯಲ್ಲ."

ಕಾಡು ಮುಗಿದಲ್ಲಿ, ಒಂದು ಹೊಲದ ಮಧ್ಯೆ, ಬಿಳಿಯ ಸ್ನಾನದ ತೊಟ್ಟಿ. ದನಗಳಿಗೆ ನೀರು ಕುಡಿಯಲು ಇಟ್ಟದ್ದು.

ನೂಲಾ ಇಂಜಿನ್ ಆರಿಸಿದರು. ಅದು ಅವರ ಮನೆಯ ತೊಟ್ಟಿ. ಗುಡ್ಡಕ್ಕೆ ನಲ್ಲಿ ನೀರು ಬಂದ ವರ್ಷ ಅವರ ಅಪ್ಪ ಅದನ್ನು ಪಟ್ಟಣದಿಂದ ಟ್ರ್ಯಾಕ್ಟರಿನಲ್ಲಿ ತಂದಿದ್ದರು. ಶನಿವಾರ ಸಂಜೆ, ಭಾನುವಾರದ ಚರ್ಚಿನ ಪೂಜೆಗೆ ಮೊದಲು, ಆರು ಮಕ್ಕಳಿಗೂ ಅದರಲ್ಲೇ ಸ್ನಾನ, ಹಿರಿಯವನಿಂದ ಶುರುವಾಗಿ ಒಂದೇ ನೀರಿನಲ್ಲಿ. ನೂಲಾ ಕೊನೆಯವಳು.

"ಜೌಗಿನ ನೀರು ಮೊದಲೇ ಕಂದು. ನನ್ನ ಸರದಿ ಬರೋಷ್ಟರಲ್ಲಿ ಕುದಿಸಿದ ಚಹಾ," ಎಂದು ನಗುತ್ತಾರೆ. "ತಣ್ಣಗಾಗಿದ್ರೂ ಅಮ್ಮ ಕರೆಯೋವರೆಗೂ ಏಳ್ತಿರಲಿಲ್ಲ."

ಅಣ್ಣಂದಿರು ಗ್ಲಾಸ್ಗೋಗೆ ಕಟ್ಟಡ ಕೆಲಸಕ್ಕೆ ಹೋದರು. ಮನೆ ಖಾಲಿಯಾಗಿ ಚಾವಣಿ ಕುಸಿದ ಮೇಲೆ ಪಕ್ಕದ ಹೊಲದವನು ತೊಟ್ಟಿಯನ್ನು ಎಳೆದೊಯ್ದ. ಯಾರನ್ನೂ ಕೇಳಲಿಲ್ಲ. ಕೇಳಲು ಅಲ್ಲಿ ಯಾರೂ ಇರಲಿಲ್ಲ.

"ಅದು ಬೇಡ್ವೋ," ಎಂದರಂತೆ ನೂಲಾ ಅವತ್ತು.

"ಬೇರೆ ಏನಿದೆ ಹೇಳು," ಎಂದನಂತೆ ಮ್ಯಾನಸ್.

ಈಗ ಅಂಗಳದಲ್ಲಿ ಕಿಯೆರನ್ ಹೆಲ್ಮೆಟ್ ಪಟ್ಟಿ ಬಿಗಿದುಕೊಂಡು ನಿಂತಿದ್ದಾನೆ. "ಹೇಳಿ ನೂಲಾ. ಒಂದೇ ಸಲ, ಮತ್ತೆ ಕೇಳಲ್ಲ."

"ಕಬ್ಬಿಣದ ಸೇತುವೆ ದಾಟು. ಹಳದಿ ಡಬ್ಬ ಕಂಡ್ರೆ ಏರು ಶುರು, ಗೋಪುರದ ಹತ್ರ ಮುಗಿಯತ್ತೆ. ಆಮೇಲೆ ಕಾಡು. ಕಾಡಲ್ಲಿ ಕವಲು ಬಂದಾಗ ಎದುರಿಗೆ ಹೊಲದಲ್ಲಿ ಬಿಳಿ ತೊಟ್ಟಿ ಕಾಣತ್ತೆ. ಕಂಡ ಕೂಡ್ಲೆ ಎಡಕ್ಕೆ. ಅಲ್ಲಿಂದ ಸಮುದ್ರದವರೆಗೂ ಇಳಿಜಾರೇ, ಬ್ರೇಕ್ ಮೇಲೆ ಕೈ ಇರ್ಲಿ ಮಗಾ."

"ಇಷ್ಟೇನಾ?"

"ಇಷ್ಟೇ."

ಅವನು ಹೋದ ಅರ್ಧ ಗಂಟೆಗೆ ನೂಲಾ ಚೀಲಗಳೊಂದಿಗೆ ಹೊರಡುತ್ತಾರೆ. ಏರಿನ ನಡುವೆ, ಹಳದಿ ಡಬ್ಬ ದಾಟಿದ ಮೇಲೆ, ಮಳೆಯಲ್ಲಿ ತಲೆ ತಗ್ಗಿಸಿ ತುಳಿಯುತ್ತಿರುವ ಕಿಯೆರನ್ ಸಿಗುತ್ತಾನೆ. ವ್ಯಾನ್ ನಿಲ್ಲಿಸುವಂತಿಲ್ಲ, ಮಾತಾಡುವಂತಿಲ್ಲ. ಬೆರಳೊಂದು ಮೇಲೇಳುತ್ತದೆ. ಅವನು ನೋಡುವುದಿಲ್ಲ. ಕವಲಿನಲ್ಲಿ ನೂಲಾ ತಾವೂ ತೊಟ್ಟಿಯ ಕಡೆ ನೋಡದೆ ಎಡಕ್ಕೆ ತಿರುಗಿಸುತ್ತಾರೆ.

ಆರ್ಡ್‌ಬಾನ್ ಬಂದರಿನಲ್ಲಿ ವ್ಯಾನ್ ನಿಲ್ಲಿಸಿ, ಫ್ಲಾಸ್ಕಿನಿಂದ ಚಹಾ ಬಗ್ಗಿಸಿ, ಕುಡಿಯದೆ ಹಿಡಿದುಕೊಂಡು ಕೂರುತ್ತಾರೆ. ಎದುರಿಗಿರುವ ತಡೆಗೋಡೆಯಲ್ಲಿ ಶಾಲೆಯ ಕಲ್ಲುಗಳು ಯಾವುವೆಂದು ಅವರಿಗೂ ಗೊತ್ತಿಲ್ಲ.

ಏನಾದರೂ ಆಸೆ ಇದೆಯೇ ಎಂದು ಕೇಳಿದರೆ ಹೇಳುತ್ತಾರೆ: "ಯಾರಾದ್ರೂ ಹೊರಗಿನೋರು, ಒಬ್ಬರಾದ್ರೂ, ಸಂಜೆ ಬಂದು ಶಾಲೆ ಸಿಕ್ತು ಅನ್ಬೇಕು. ಹೇಗೆ ಸಿಗತ್ತೆ? ಆದ್ರೂ."

ಗುಡ್ಡದ ಕಡೆಯಿಂದ ಸೈಕಲ್ ಕಾಣಿಸುತ್ತದೆ. ಕಿಯೆರನ್ ಬೆನ್ನಿನವರೆಗೂ ಕೆಸರು. ಇಳಿದವನೇ ಕೈ ಚಾಚಿ ಚಹಾ ಇಸಿದುಕೊಳ್ಳುತ್ತಾನೆ.

"ತೊಟ್ಟಿ ಇಲ್ದಿದ್ರೆ ನೇರ ಕೆರೆಗೇ ಬೀಳ್ತಿದ್ದೆ ನೂಲಾ. ಮುಂದಿನ ವರ್ಷ ಇದೇ ರಸ್ತೆ, ಆಫೀಸಿಗೆ ಹೇಳ್ತೀನಿ." ಒಂದು ಗುಟುಕು ಕುಡಿದು ಕೇಳುತ್ತಾನೆ, "ಅಲ್ಲ, ಹೊಲದ ಮಧ್ಯ ಸ್ನಾನದ ತೊಟ್ಟಿ! ಯಾರದ್ದು ಅದು?"

"ದನದ್ದು," ಎನ್ನುತ್ತಾರೆ ನೂಲಾ.

ಮರುದಿನ ಫ್ರಾನ್ಸ್‌ನ ಲಿಯಾನ್‌ನಿಂದ ಬಂದ ಪ್ರವಾಸಿಗಳಿಗೆ ಅವರು ಅದೇ ದಾರಿಯನ್ನು ಅದೇ ಮಾತುಗಳಲ್ಲಿ ಹೇಳುತ್ತಾರೆ. ಯಾರೂ ತಿರುಗಿ ಕೇಳುವುದಿಲ್ಲ, ಎಲ್ಲರೂ ಬಂದರು ಮುಟ್ಟುತ್ತಾರೆ. ರಸ್ತೆ ಉಳಿದಿದೆ. ನೂಲಾ ಅವರ ಮಾತಿನಿಂದ ಹೋದದ್ದು ಒಂದು ಕಮ್ಮಾರನ ಅಂಗಡಿ, ಒಂದು ದಿನಸಿ ಅಂಗಡಿ, ಒಂದು ಡಾನ್ಸ್ ಹಾಲ್, ಒಂದು ನಾಯಿ, ಒಂದು ಶಾಲೆ, ಒಂಬತ್ತು ಮನೆ. ಒಂಬತ್ತರಲ್ಲಿ ಒಂದು ಅವರದು.