ಕಲ್ಲಿನ ಸಂದಿಯಲ್ಲಿ ಒಂದೂವರೆ ಗಂಟೆ

ನಮ್ಮ ಮನೆಗೂ ಜೆಂಟಾಳ ಮನೆಗೂ ನಡುವೆ ಇರುವುದು ಒಂದೇ ಗೋಡೆ. ಅವಳ ಗಂಡ ತೀರಿಕೊಂಡ ವರ್ಷವೇ ಅತ್ತೆ ಲವೀಜೆಗೆ ಪಾರ್ಶ್ವವಾಯು ಹೊಡೆಯಿತು. ಅಂದಿನಿಂದ ಹನ್ನೊಂದು ವರ್ಷ ಜೆಂಟಾ ಆ ಹಾಸಿಗೆಯ ಪಕ್ಕ ಬಿಟ್ಟು ಕದಲಿದವಳಲ್ಲ. ರಾಜಧಾನಿ ರೀಗಾದಲ್ಲಿ ನಡೆದ ತಂಗಿಯ ಮದುವೆಗೂ ಹೋಗಲಿಲ್ಲ. ಮಧ್ಯಾಹ್ನ ಉಂಡ ಮೇಲೆ ಮುದುಕಿ ಒಂದು ಗಂಟೆ ನಿದ್ದೆ ಮಾಡುತ್ತಿದ್ದಳು. ಆ ಒಂದು ಗಂಟೆಯಷ್ಟೇ ಜೆಂಟಾಳದು.

ಅಕ್ಟೋಬರಿನಲ್ಲಿ ಸಾಲ್ಮನ್ ಮೀನುಗಳು ಮೊಟ್ಟೆಯಿಡಲು ಸಮುದ್ರದಿಂದ ನಮ್ಮ ವಿಲ್ಸುಪೆ ಹೊಳೆಗೆ ಏರಿ ಬರುತ್ತವೆ. ಹಳೇ ಗಿರಣಿಯ ಕೆಳಗೆ ಆಳೆತ್ತರದ ಅಬ್ಬಿಯನ್ನು ಅವು ಹಾರಿಯೇ ದಾಟಬೇಕು. ಜೆಂಟಾ ಗಂಡನ ಕ್ಯಾಮೆರಾ ಹಿಡಿದು ಅಲ್ಲಿಗೆ ಓಡುತ್ತಿದ್ದಳು. ಅವಳ ಚಿತ್ರಗಳಲ್ಲಿ ಬರೀ ನೀರು, ಹೆಚ್ಚೆಂದರೆ ಒಂದು ಬಾಲ.

"ಮೀನೆಲ್ಲೇ?" ಎಂದು ನಾನು ಕಾಡಿಸುತ್ತಿದ್ದೆ.

"ಈಗ ತಾನೇ ಹೋಯ್ತು. ಅದೇನು ನನ್ನ ಹಾಗೆ ಕಟ್ಟಿ ಹಾಕಿದ ಹಸುವಾ?"

ಒಂದು ದಿನ ಇನ್ನಷ್ಟು ಹತ್ತಿರ ಹೋಗೋಣವೆಂದು ಅವಳು ಮೊಣಕಾಲುದ್ದ ನೀರಿಗಿಳಿದಳು. ಪಾಚಿಗೆ ಕಾಲು ಜಾರಿ ಎರಡು ಬಂಡೆಗಳ ಸಂದಿಗೆ ಸಿಕ್ಕಿತು. ಮೇಲಿದ್ದ ಕಲ್ಲು ಉರುಳಿ ಅದರ ಮೇಲೆ ಕೂತಿತು. ಫೋನು ದಡದ ಮೇಲೆ ಕೋಟಿನ ಜೇಬಿನಲ್ಲಿತ್ತು. ಕೂಗಿದ್ದೆಲ್ಲ ಅಬ್ಬಿಯ ಸದ್ದಿನಲ್ಲಿ ಮುಳುಗಿಹೋಯಿತು.

"ಹೆದರಿಕೆಗಿಂತ ಹೆಚ್ಚಾಗಿ, ಅತ್ತೆ ಎದ್ದಿರ್ತಾರೆ, ಹಾಸಿಗೆ ಒದ್ದೆಯಾಗಿರತ್ತೆ ಅನ್ನೋದೇ ತಲೇಲಿ," ಎಂದು ಆಮೇಲೆ ಹೇಳಿದಳು.

ಎರಡು ಮಾರು ದೂರದಲ್ಲಿ ಮೀನುಗಳು ಹಾರುತ್ತಿದ್ದವು, ಬಂಡೆಗೆ ಬಡಿದು ಬೀಳುತ್ತಿದ್ದವು, ಮತ್ತೆ ಹಾರುತ್ತಿದ್ದವು. ಮಾಡಲು ಬೇರೇನೂ ಇರಲಿಲ್ಲ. ಕೊರಳಲ್ಲಿದ್ದ ಕ್ಯಾಮೆರಾ ಎತ್ತಿ ಒಂದೇ ಸಮನೆ ಒತ್ತುತ್ತಾ ನಿಂತಳಂತೆ.

ಇತ್ತ ಲವೀಜೆ ಕೋಲಿನಿಂದ ಗೋಡೆ ಬಡಿಯುತ್ತಿದ್ದಳು. ಚಹಾ ತಡವಾದರೂ ಬಡಿಯುವವಳೇ ಅವಳು. ಜೆಂಟಾ ನೋಡಿಕೊಳ್ಳುತ್ತಾಳೆಂದು ನಾನು ರೇಡಿಯೋ ಜೋರು ಮಾಡಿ ಬ್ರೆಡ್ಡಿಗೆ ರೈ ಹಿಟ್ಟು ನಾದುತ್ತಲೇ ಇದ್ದೆ. ಹೇಳಲು ನಾಚಿಕೆಯಾಗುತ್ತದೆ, ಹೆಚ್ಚುಕಡಿಮೆ ಒಂದು ಗಂಟೆ ನಾನು ಏಳಲಿಲ್ಲ. ಬಡಿತ ಕ್ಷೀಣವಾದಾಗಲೇ ಹೋದದ್ದು.

"ಮೀನಿಗೆ ಹೋದ್ಲು, ಬರ್ಲಿಲ್ಲ," ಎಂದಳು ಮುದುಕಿ ಸೊಟ್ಟ ಬಾಯಲ್ಲಿ. "ನೀನೇನು ಕಿವುಡಿಯಾ?"

ನಾನೂ ನನ್ನ ಗಂಡ ಗುನ್ವಾಲ್ಡಿಸನೂ ಅಬ್ಬಿಗೆ ಓಡಿದೆವು. ಅವನು ಹಾರೆಯಿಂದ ಕಲ್ಲು ಮೀಟಿದ. ಜೆಂಟಾಳ ತುಟಿ ನೀಲಿಗಟ್ಟಿತ್ತು. "ಅತ್ತೆ ಬಟ್ಟೆ ಬದಲಾಯಿಸಿದ್ಯಾ?" ಎಂದು ಕೇಳಿದಳು. ನಾನು ಬದಲಾಯಿಸಿರಲಿಲ್ಲ.

ಹಿಮ್ಮಡಿ ಎರಡು ಕಡೆ ಮುರಿದಿತ್ತು. ಆರು ವಾರ ಪ್ಲಾಸ್ಟರು. ಮನೆ ಬೆಚ್ಚಗಿಡುವ ಒಲೆಯಿದ್ದದ್ದು ಒಂದೇ ಕೋಣೆಯಲ್ಲಿ, ಅವಳ ಮಂಚವನ್ನೂ ಅತ್ತೆಯ ಪಕ್ಕಕ್ಕೇ ಹಾಕಿದೆವು. ಇಬ್ಬರಿಗೂ ಉಣಿಸುವ ಕೆಲಸ ನನ್ನ ಪಾಲಿಗೆ ಬಂತು.

ಅವಳು ಸಂದಿಯಲ್ಲಿ ನಿಂತು ತೆಗೆದ ಚಿತ್ರಗಳಲ್ಲಿ ಒಂದನ್ನು ನಾನೇ ಪೇಟೆಯಲ್ಲಿ ಮುದ್ರಿಸಿ ತಂದೆ. ಕೊಕ್ಕೆ ದವಡೆಯ ಗಂಡು ಮೀನು, ಗಾಳಿಯಲ್ಲಿ ಬಿಲ್ಲಿನಂತೆ ಬಾಗಿತ್ತು. ಲವೀಜೆ ಬಹಳ ಹೊತ್ತು ನೋಡಿದಳು.

"ದಾಟ್ತಾ ಇದು?"

"ಇಲ್ಲ ಅತ್ತೆ. ಬಂಡೆಗೆ ಬಡಿದು ಬಿತ್ತು."

"ಆಮೇಲೆ?"

"ಆಮೇಲೆ ನನ್ನ ಎತ್ಕೊಂಡು ಬಂದ್ರಲ್ಲ. ನೋಡೋಕಾಗ್ಲಿಲ್ಲ."

ಮುದುಕಿ ಚಿತ್ರವನ್ನು ಹಿಂದಿರುಗಿಸಿ ಗೋಡೆಯತ್ತ ಹೊರಳಿದಳು.

ಪ್ಲಾಸ್ಟರು ಬಿಚ್ಚುವಾಗ ನವೆಂಬರ್ ಮುಗಿಯುತ್ತಿತ್ತು, ಮೀನಿನ ಕಾಲವೂ ಮುಗಿದಿತ್ತು. "ಇನ್ಮೇಲೆ ದಿನಾ ಎರಡು ಗಂಟೆ ಅತ್ತೆ ಹತ್ರ ನಾನು ಕೂರ್ತೀನಿ, ನೀನು ಹೋಗ್ಬಾ," ಎಂದೆ. ಜೆಂಟಾ ಕೋಟು ತೊಟ್ಟು ಬಾಗಿಲ ಬಳಿ ನಿಂತಳು.

"ಎಲ್ಲಿಗೆ ಹೋಗ್ಲಿ?" ಎಂದು ಕೇಳಿದಳು.

ಆಮೇಲೆ ಅವಳೇ ಕೋಟು ಕಳಚಿ, ಬಟಾಣಿ ಬೇಯಲು ಇಟ್ಟಳು.