ವೀರಭದ್ರಸ್ವಾಮಿಯ ದೀಪದೆಣ್ಣೆ, ನನ್ನ ತಮ್ಮನ ಎದೆಬಡಿತ

ಭಕ್ತರೇ, ಇದನ್ನು ನೀವು ನಂಬುವುದಿಲ್ಲ. ನಮ್ಮ ಬೀದಿಯವರೇ ನಂಬಿಲ್ಲ.

ಇದೇ ಎಂಬತ್ನಾಲ್ಕನೇ ಇಸವಿಯ ಬೇಸಿಗೆ. ತುಮಕೂರಿನ ಶೆಟ್ಟಿಹಳ್ಳಿಯಲ್ಲಿ ನಮ್ಮ ಮನೆ. ಕೈಗೂಸು ನನ್ನ ತಮ್ಮ ಪುಟ್ಟುವಿಗೆ ಜ್ವರ ಬಂತು. ಜ್ವರ ಹೃದಯಕ್ಕೆ ತಗುಲಿ ಬಡಿತ ನಿಧಾನವಾಗುತ್ತಾ ಹೋಯಿತು. ಅಪ್ಪ ಅಮ್ಮ ಅವನನ್ನು ಬೆಂಗಳೂರಿನ ದೊಡ್ಡಾಸ್ಪತ್ರೆಗೆ ಒಯ್ದರು. ಗುಬ್ಬಿಯಿಂದ ಬಂದ ಅಜ್ಜಿಯ ಜೊತೆ ನಾನು ಶಿರಾ ಗೇಟಿನಲ್ಲಿ ಬಸ್ಸು ಹತ್ತಿದೆ. ಎಷ್ಟು ರಷ್ಷೆಂದರೆ, ಬೆಂಗಳೂರು ಬರುವವರೆಗೂ ನನ್ನ ಎಡಗಾಲು ನೆಲ ಮುಟ್ಟಲಿಲ್ಲ.

ಐಸಿಯುನಲ್ಲಿ ಪುಟ್ಟುವಿನ ಹೃದಯಕ್ಕೆ ಒಂದು ತಂತಿ ಇಳಿಸಿದ್ದರು. ಅದರ ತುದಿ ಮಂಚದ ಪಕ್ಕದ ಡಬ್ಬಿಯಲ್ಲಿತ್ತು. ಪೇಸ್‌ಮೇಕರ್ ಅಂತೆ, ಹೃದಯ ಬಡಿಯುವಂತೆ ಮಾಡುವ ಯಂತ್ರ, ನಮ್ಮ ಟ್ರಾನ್ಸಿಸ್ಟರಿನಷ್ಟಿತ್ತು. ಎದೆಗೆ ಅಂಟಿಸಿದ ಪಟ್ಟಿಗಳಿಂದ ಟಿವಿಯಂಥ ಪರದೆಯ ಮೇಲೆ ಗೆರೆ ಕುಣಿಯುತ್ತಿತ್ತು.

"ತಾನಾಗೇ ಬಡಿಯೋಕೆ ಶುರುವಾದ್ರೆ ಸರಿ," ಎಂದರು ಡಾಕ್ಟರು. "ಇಲ್ದಿದ್ರೆ ಒಳಗೇ ಇಡೋ ಪೇಸ್‌ಮೇಕರ್ ಬೇಕು. ಇಷ್ಟು ಚಿಕ್ಕ ಮೈಯಲ್ಲಿ ಎಲ್ಲಿ ಇಡೋದಮ್ಮ?"

ಅಮ್ಮ ಅನ್ನ ಬಿಟ್ಟಳು. ಅಪ್ಪ ಮಾತು ಬಿಟ್ಟರು. ನನಗಿರುವ ಆಸ್ತಿ ಬಾಯಿಯೊಂದೇ, ಅದನ್ನೂ ಮುಚ್ಚಿಕೊಂಡು ಮನೆದೇವರು ವೀರಭದ್ರಸ್ವಾಮಿಯನ್ನು ಬೇಡಿದೆ: ಅವನದೇ ಬಡಿತ ಅವನಿಗೆ ಕೊಡು.

ಒಂದು ಮಧ್ಯಾಹ್ನ ನರ್ಸಮ್ಮ ಆ ಕಡೆ ತಿರುಗಿದ್ದೇ ತಡ, ಅಜ್ಜಿ ಸೆರಗಿನಿಂದ ಪುಟ್ಟ ಸೀಸೆ ತೆಗೆದಳು. ಸ್ವಾಮಿಯ ನಂದಾದೀಪದ ಎಣ್ಣೆ. ಊರಲ್ಲಿ ಯಾವ ಕೂಸಿಗೆ ಹುಷಾರಿಲ್ಲದಿದ್ದರೂ ಎದೆಗೆ ಹಚ್ಚುವುದು ಅದನ್ನೇ. ಹಚ್ಚಿಯೇಬಿಟ್ಟಳು.

ಪರದೆಯ ಗೆರೆ ಚಪ್ಪಟೆಯಾಯಿತು. ಮಿಷನ್ನು ಕೂಗಿದ್ದು ನೆಲಮಂಗಲಕ್ಕೆ ಕೇಳಿಸಿರಬೇಕು. ಡಾಕ್ಟರು ಓಡಿ ಬಂದರು.

"ಯಾರ್ರೀ ಎಣ್ಣೆ ಹಚ್ಚಿದ್ದು?"

"ನಾನೇ ಕಣಪ್ಪ. ಒಂಚೂರೇಯ."

"ಅಜ್ಜೀ, ಪಟ್ಟಿ ಕಿತ್ಕೊಂಡಿದೆ ಅಷ್ಟೆ! ಮಗು ಚೆನ್ನಾಗೇ ಇದೆ!"

ಎಣ್ಣೆ ಒರೆಸಿ ಪಟ್ಟಿ ಅಂಟಿಸಿದರು. ಹೊರಟವರು ನಿಂತರು. "ಹೆಂಗೂ ಬಂದಿದ್ದೀನಿ, ಒಂದ್ಸಲ ನೋಡೇಬಿಡ್ತೀನಿ," ಎಂದು ಡಬ್ಬಿಯ ಗುಂಡಿಯನ್ನು ಮೆಲ್ಲಗೆ ತಿರುಗಿಸಿ ವೇಗ ಇಳಿಸಿದರು. ಗೆರೆ ಮಾತ್ರ ಕುಣಿಯುತ್ತಲೇ ಇತ್ತು.

"ಇದು ಡಬ್ಬೀದಲ್ಲ," ಎಂದರು ಡಾಕ್ಟರು ನಿಧಾನವಾಗಿ. "ಮಗೂದೇ."

ಕೆಲವು ದಿನ ನೋಡಿ ತಂತಿ ತೆಗೆದರು, ಮನೆಗೆ ಕಳಿಸಿದರು. ಡಾಕ್ಟರು ಅಜ್ಜಿಯ ಕಾಲಿಗೆ ಬಿದ್ದು, ಒಂದು ಡಬ್ಬ ಎಣ್ಣೆ ತರಿಸಿಕೊಡಿ ಎಂದು ಬೇಡಿದ್ದನ್ನು ಬರೆಯುತ್ತಿದ್ದೆ, ಅಷ್ಟರಲ್ಲಿ ಅಮ್ಮ ಪುಟ್ಟುವನ್ನು ಎತ್ತಿಕೊಂಡು ಒಳಗೆ ಬಂದು ಇಣುಕಿದಳು.

"ಯಾವ್ ಡಾಕ್ಟ್ರೇ ಕಾಲಿಗ್ ಬಿದ್ದಿದ್ದು? ಬೈದು ಆಚೆ ಕಳಿಸ್ಲಿಲ್ವಾ ನಿಮ್ಮಜ್ಜೀನ? ಸ್ವಾಮಿ ಮಾಡಿದ್ದು ಸಾಲ್ದು ಅಂತ ನೀನ್ಬೇರೆ ಸೇರಿಸ್ತೀಯಾ? ಸಾಕು ನಿಲ್ಸೇ. ಹಿಡ್ಕೋ ಇವನ್ನ."

ಒಂದು ಕೈಲಿ ಎತ್ತಿಕೊಂಡಿದ್ದೇನೆ. ಅವನ ಎದೆ ನನ್ನ ಭುಜಕ್ಕೆ ಬಡಿಯುತ್ತಿದೆ. ಸ್ವಾಮೀ, ಇದಕ್ಕೆ ನಾನು ಏನೂ ಸೇರಿಸುವುದಿಲ್ಲ.