ಒಣ ಡ್ರಿಲ್ಲು

ಧಾರವಾಡದ ನಮ್ಮ ಅಗ್ನಿಶಾಮಕ ಠಾಣೆಯ ಅಂಗಳದಲ್ಲಿ ಸದಾ ಒಂದು ಟ್ಯಾಂಕು ತುಂಬ ನೀರು ನಿಂತಿರುತ್ತಿತ್ತು. ಅದರ ಹಿಂದೆಯೇ ಇದ್ದ ನನ್ನ ಮನೆಯಲ್ಲಿ ಒಂದು ಕೊಡ ನೀರು ಇರುತ್ತಿರಲಿಲ್ಲ. ನನ್ನ ನೌಕರಿಯನ್ನು ಎರಡು ಮಾತಿನಲ್ಲಿ ಹೇಳು ಎಂದರೆ ನಾನು ಇದನ್ನೇ ಹೇಳುತ್ತೇನೆ.

ಹುಬ್ಬಳ್ಳಿ-ಧಾರವಾಡದಲ್ಲಿ ಆ ಕಾಲದಲ್ಲಿ ಸಂಸಾರ ಮಾಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ನಳದ ನೀರು ಎಂಟು ದಿನಕ್ಕೊಮ್ಮೆ, ಬೇಸಿಗೆಯಲ್ಲಿ ಹತ್ತು ದಿನಕ್ಕೊಮ್ಮೆ. ನೀರು ಬಂತೆಂದರೆ ಜನ ಮದುವೆಯ ಊಟದ ಪಂಕ್ತಿ ಬಿಟ್ಟು ಮನೆಗೆ ಓಡುತ್ತಿದ್ದರು. ನಮ್ಮ ಕೆಂಪು ಗಾಡಿ ಮಾತ್ರ ಯಾವಾಗಲೂ ತುಂಬಿರಬೇಕು, ಅದು ನಿಯಮ. ಖಾಲಿ ಗಾಡಿ ತೆಗೆದುಕೊಂಡು ಹೋದರೆ ಬೆಂಕಿಗೆ ಕೈಮುಗಿದು ಬರಬೇಕಷ್ಟೆ.

ನಾನು ಆಗ ಲೀಡಿಂಗ್ ಫೈರ್‌ಮನ್. ಹೊಸದಾಗಿ ಸೇರಿದವರಿಗೆ ತರಬೇತಿ ಕೊಡುವ ಕೆಲಸವನ್ನು ನನ್ನ ತಲೆಗೆ ಕಟ್ಟಿದ್ದರು. ಬೆಳಿಗ್ಗೆ ಆರಕ್ಕೆ ಓಟ, ಬಸ್ಕಿ, ಹಗ್ಗ ಹತ್ತುವುದು, ಒಬ್ಬನನ್ನು ಹೆಗಲ ಮೇಲೆ ಹೊತ್ತು ಏಣಿ ಇಳಿಯುವುದು. ಆಮೇಲೆ ನೀರಿನ ಡ್ರಿಲ್ಲು: ಪೈಪು ಉರುಳಿಸಿ, ಜೋಡಿಸಿ, ಪಂಪು ಚಾಲೂ ಮಾಡಿ, ಗೋಡೆಯ ಮೇಲಿನ ಗುರುತಿಗೆ ನೀರು ಹೊಡೆಯುವುದು. ನಲವತ್ತು ದಾಟಿದ ನನ್ನ ಮೊಣಕಾಲುಗಳು ಓಟ ಮುಗಿಯುವಷ್ಟರಲ್ಲೇ ನನ್ನನ್ನು ಬೈಯಲು ಶುರು ಮಾಡುತ್ತಿದ್ದವು. ಡ್ರಿಲ್ಲಿನ ನೀರು ಅಂಗಳದ ಮಣ್ಣಿಗೆ ಬಿದ್ದು ಗಟಾರಕ್ಕೆ ಹರಿಯುತ್ತಿತ್ತು. ಕ್ವಾರ್ಟರ್ಸಿನ ಹೆಂಗಸರು ಖಾಲಿ ಕೊಡ ಸೊಂಟಕ್ಕಿಟ್ಟುಕೊಂಡು ಅದನ್ನು ನೋಡುತ್ತ ನಿಲ್ಲುತ್ತಿದ್ದರು. ಅವರಲ್ಲಿ ನನ್ನ ಹೆಂಡತಿಯೂ ಇರುತ್ತಿದ್ದಳು.

"ದಿನಾ ಮುಂಜಾನೆದ್ದು ನೆಲಕ್ಕ ಕುಡಸ್ತೀರಿ," ಎಂದಳು ಒಂದು ದಿನ, ಎಲ್ಲರ ಎದುರಿಗೇ. "ಮನ್ಯಾಗಿನವ್ರ ಬಾಯಿ ಒಣಗಿದ್ದು ಕಾಣಂಗಿಲ್ಲ ನಿಮಗ."

ಕಲಿಯಲು ಬಂದವರು ಮುಖ ತಿರುಗಿಸಿ ನಕ್ಕರು. ನನಗೆ ಸಿಟ್ಟು ಬಂತು, ಸಿಟ್ಟಿಗಿಂತ ಹೆಚ್ಚು ನಾಚಿಕೆಯಾಯಿತು. ಮರುದಿನ ನಾನೇ ಠಾಣಾಧಿಕಾರಿಗಳ ಹತ್ತಿರ ಹೋಗಿ, ಮಳೆಗಾಲ ಬರುವ ತನಕ ನೀರಿಲ್ಲದೆ ಡ್ರಿಲ್ಲು ಮಾಡಿಸುತ್ತೇನೆ, ಹಾಗೆ ಉಳಿಯುವ ಠಾಣೆಯ ಬೋರ್‌ವೆಲ್ ನೀರನ್ನು ಮನೆಗೆ ಎರಡು ಕೊಡದಂತೆ ಹಂಚೋಣ ಎಂದೆ. ಅವರು ಕಾಗದದಿಂದ ತಲೆ ಎತ್ತದೆ, "ನೋಡ್ಕೊಂಡು ಮಾಡ್ರಿ," ಎಂದರು. ನೌಕರಿಯಲ್ಲಿ ಪಳಗಿದವರಿಗೆ ಗೊತ್ತು, ಹೀಗೆಂದರೆ ಏನಾದರೂ ಆದಾಗ ಹೊಣೆ ನಿನ್ನದೇ ಎಂದು.

ಹೀಗೆ ಒಣ ಡ್ರಿಲ್ಲು ಶುರುವಾಯಿತು. ಹೊಸಬರು ಪೈಪು ಉರುಳಿಸಿ, ಜೋಡಿಸಿ, ತುದಿಯ ಹಿತ್ತಾಳೆ ಕೊಳವೆ ಹಿಡಿದು ನಿಂತು, "ನೀರು ಬಿಡ್ರಿ!" ಎಂದು ಕೂಗುತ್ತಿದ್ದರು. ಆ ಕೊಳವೆಗೆ ನಾವು ಬ್ರಾಂಚ್ ಎನ್ನುತ್ತೇವೆ. ನಾನು ಕಟ್ಟೆಯ ಮೇಲೆ ಕೂತಲ್ಲಿಂದಲೇ, "ಬಂತಂತ ತಿಳಕೋ," ಎನ್ನುತ್ತಿದ್ದೆ. ಅವರು ತಿಳಿದುಕೊಂಡು, ಬರದ ನೀರನ್ನು ಗೋಡೆಯ ಗುರುತಿಗೆ ಹೊಡೆಯುತ್ತಿದ್ದರು. ಠಾಣೆಯಲ್ಲಿ ಅದೊಂದು ಚೇಷ್ಟೆಯ ಮಾತಾಯಿತು. ಚಹಾ ತಡವಾದರೆ ಬಂತಂತ ತಿಳಕೋ, ಪಗಾರ ತಡವಾದರೆ ಬಂತಂತ ತಿಳಕೋ.

ಮಳೆಗಾಲ ಬಂತು, ಹೋಯಿತು. ನೀರಿನ ಡ್ರಿಲ್ಲು ಮಾತ್ರ ಮರಳಿ ಬರಲಿಲ್ಲ. ಖರೇ ಹೇಳಬೇಕೆಂದರೆ, ಅಷ್ಟು ಹೊತ್ತಿಗೆ ಹೆಂಗಸರ ಕೊಡ ಬರೀ ನೆಪವಾಗಿತ್ತು. ನೀರು ಕುಡಿದ ಪೈಪು ಹೆಣದಷ್ಟು ಭಾರ. ಅದನ್ನು ಹೊತ್ತು, ತೊಳೆದು, ಠಾಣೆಯ ಎತ್ತರದ ಗೋಪುರಕ್ಕೆ ಏರಿಸಿ ಇಳಿಬಿಟ್ಟು ಒಣಗಿಸಬೇಕು. ಹದಿನೆಂಟು ವರ್ಷ ಅದನ್ನೇ ಮಾಡಿ ನನಗೆ ಸಾಕಾಗಿ ಹೋಗಿತ್ತು. ಆದರೂ ಡ್ರಿಲ್ಲಿನ ರಜಿಸ್ಟರಿನಲ್ಲಿ ದಿನಾ, ನೀರು ಹಾಯಿಸಿ ತರಬೇತಿ ಕೊಡಲಾಯಿತು ಎಂದು ಬರೆದು ಸಹಿ ಹಾಕುತ್ತಿದ್ದೆ. ಮೊದಮೊದಲು ಕೈ ತಡೆಯುತ್ತಿತ್ತು, ಆಮೇಲೆ ಅದೂ ರೂಢಿಯಾಯಿತು.

ಆ ವರ್ಷ ಮುಗದ ಹಳ್ಳಿಯ ಕಡೆಯ ಒಬ್ಬ ಪೈಲ್ವಾನ ನಮ್ಮಲ್ಲಿ ಸೇರಿದ. ಗರಡಿಯಲ್ಲಿ ಬೆಳೆದ ದೇಹ, ಮಾತು ಮಾತ್ರ ಮೆತ್ತಗೆ. ಓಟದಲ್ಲಿ ಎಲ್ಲರಿಗಿಂತ ಮುಂದೆ. ನನ್ನನ್ನು ಹೆಗಲಿಗೆ ಹಾಕಿಕೊಂಡು ಏಣಿ ಇಳಿದವನು, ಇನ್ನೊಮ್ಮೆ ಬರ್ರಿ ಸರ್ ಎಂದು ನಕ್ಕಿದ್ದ. ರಜೆಯಲ್ಲಿ ಊರಿಗೆ ಹೋದರೆ ಕುಸ್ತಿ ಹಿಡಿದೇ ಬರುತ್ತಿದ್ದ. ಒಣ ಡ್ರಿಲ್ಲಿನಲ್ಲಿ ಬ್ರಾಂಚ್ ಹಿಡಿದು ಎದೆಯುಬ್ಬಿಸಿ ನೆಟ್ಟಗೆ ನಿಂತನೆಂದರೆ ನೋಡಲು ಛಲೋ ಕಾಣುತ್ತಿದ್ದ. ಹಾಗೆ ನಿಲ್ಲಬಾರದು. ಒಂದು ಕಾಲು ಮುಂದಿಟ್ಟು ಬಾಗಬೇಕು. ಹಿಂದಿನವನು ತನ್ನ ಹೆಗಲನ್ನು ಮುಂದಿನವನ ಬೆನ್ನಿಗೆ ಒತ್ತಬೇಕು. ಬಾಯಲ್ಲಿ ಎರಡು ಸಲ ಹೇಳಿದ್ದೆ. ನೀರಿಲ್ಲದ ಪೈಪಿಗೆ ಯಾರು ಬಾಗುತ್ತಾರೆ?

ಮಾರ್ಚ್ ತಿಂಗಳ ಒಂದು ಮಧ್ಯಾಹ್ನ ಹುಬ್ಬಳ್ಳಿಯಲ್ಲಿ ಅರಳೆಯ ಗೋದಾಮಿಗೆ ಬೆಂಕಿ ಬಿತ್ತು. ಅಕ್ಕಪಕ್ಕದ ಗಾಡಿಗಳೆಲ್ಲ ಹೋದವು, ನಮ್ಮದೂ ಹೋಯಿತು. ಅರಳೆಯ ಬೆಂಕಿ ಕಳ್ಳ ಬೆಂಕಿ. ಮೇಲೆ ಆರಿತು ಅನ್ನುವಷ್ಟರಲ್ಲಿ ಹೊಟ್ಟೆಯೊಳಗೆ ಉರಿಯುತ್ತಿರುತ್ತದೆ. ಪೈಲ್ವಾನ ಬ್ರಾಂಚ್ ಹಿಡಿದು ಓಡಿದ. ಅವನ ಹಿಂದೆ ನಿಲ್ಲಬೇಕಾದವನು ನಾನು. ಮೊಣಕಾಲಿನ ದೆಸೆಯಿಂದ ಹತ್ತು ಹೆಜ್ಜೆ ಹಿಂದೆ ಉಳಿದೆ. ಗಟ್ಟಿ ಆಳು, ಒಬ್ಬನೇ ಹಿಡಿಯುತ್ತಾನೆ ಎಂದು ಮನಸ್ಸಿನಲ್ಲಿ ಅಂದುಕೊಂಡದ್ದೂ ನಿಜ.

ಅವನು ನೆಟ್ಟಗೆ ನಿಂತು, "ನೀರು ಬಿಡ್ರಿ!" ಎಂದು ಕೂಗಿದ. ಡ್ರೈವರ್ ಪಂಪಿನ ಚಕ್ರ ತಿರುಗಿಸಿದ. ಈ ಸಲ ನೀರು ನಿಜವಾಗಿ ಬಂತು. ಆ ದೇಹ ಎರಡೂ ಕಾಲು ಎತ್ತಿ ಹಿಂದಕ್ಕೆ ಬಿದ್ದದ್ದನ್ನು ನಾನು ಕಣ್ಣಾರೆ ಕಂಡೆ. ಕೈಬಿಟ್ಟ ಬ್ರಾಂಚ್ ಬಾಲ ತುಳಿದ ಹಾವಿನ ಹಾಗೆ ಎದ್ದು ಹೊರಳಿ ಅವನ ಬಲ ಹೆಗಲಿಗೆ ಬಡಿಯಿತು. ಮೂಳೆ ಮುರಿದ ಸದ್ದು ನನಗೆ ಕೇಳಿಸಿತು. ಪಂಪು ನಿಲ್ಲಿಸಿದರು. ಬೆಂಕಿಯನ್ನು ಸಂಜೆಯ ಹೊತ್ತಿಗೆ ಬೇರೆಯವರು ಆರಿಸಿದರು.

ಆಸ್ಪತ್ರೆಯಲ್ಲಿ ಅವನು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. "ಸರ್, ನೀರಿಗೆ ಇಷ್ಟು ಕಸುವು ಇರತೈತಿ ಅಂತ ನನಗ ಗೊತ್ತಾಗಲೇ ಇಲ್ರಿ," ಎಂದ, ತಪ್ಪು ತನ್ನದೇ ಎನ್ನುವ ಹಾಗೆ.

ವಾರದ ಮೇಲೆ ವಿಚಾರಣೆಗೆ ಮೇಲಿನ ಒಬ್ಬ ಅಧಿಕಾರಿ ಬಂದರು. ರಜಿಸ್ಟರ್ ತಿರುವಿ ಹಾಕಿದರು. ಪೈಲ್ವಾನ ಸೇರಿದಂದಿನಿಂದ ಎಂಟು ತಿಂಗಳು ದಿನಾ ನೀರಿನ ಡ್ರಿಲ್ಲು, ಕೆಳಗೆ ನನ್ನ ದುಂಡು ಸಹಿ. "ಇಷ್ಟು ಕಲಿಸಿದ ಮ್ಯಾಲೂ ಬ್ರಾಂಚ್ ಕೈಬಿಟ್ಟಾನಂದ್ರ ಬೇಜವಾಬ್ದಾರಿ ಅಂತ ಬರೀಬೇಕಾಗತೈತಿ," ಎಂದರು. ಅವನ ನೌಕರಿ ಇನ್ನೂ ಖಾಯಂ ಆಗಿರಲಿಲ್ಲ. ಹಾಗೆ ಬರೆದರೆ ಮನೆಗೆ ಹೋಗಬೇಕು, ಮುರಿದ ಹೆಗಲು ಹೊತ್ತುಕೊಂಡು. ಅದೇ ತಿಂಗಳು ನನ್ನ ಬಡ್ತಿಯ ಕಾಗದ ಮೇಲೆ ಹೋಗಿತ್ತು. ನಾನು ತುಟಿ ಪಿಟಕ್ಕೆನ್ನಲಿಲ್ಲ. ನಾಳೆ ಮುಗಿಸೋಣ ಎಂದು ಅವರು ಎದ್ದರು.

ಮನೆಗೆ ಬಂದು ಹೆಂಡತಿಯ ಮೇಲೆ ಹರಿಹಾಯ್ದೆ. ನೀವು ಕೊಡ ಹಿಡಿದು ನಿಲ್ಲದಿದ್ದರೆ ಇದೆಲ್ಲ ಆಗುತ್ತಿರಲಿಲ್ಲ ಎಂದೆ. ಅವಳು ಅಕ್ಕಿ ಆರಿಸುತ್ತಿದ್ದಳು, ಮೊರ ಕೆಳಗಿಟ್ಟಳು.

"ನೀರು ಕೇಳಿದಾಕಿ ನಾನು, ಖರೇ. ಸುಳ್ಳ ಬರದವ್ರು ಯಾರ್ರಿ?"

ಮರುದಿನ ಹೋಗಿ ಹೇಳಿದೆ. ರಜಿಸ್ಟರಿನಲ್ಲಿ ಇರುವುದು ಸುಳ್ಳು, ಆ ಮನುಷ್ಯ ತುಂಬಿದ ಪೈಪು ಹಿಡಿದದ್ದು ಅದೇ ಮೊದಲು ಎಂದೆ. ಅಧಿಕಾರಿ ರಜಿಸ್ಟರ್ ಮುಚ್ಚಿ, "ನಿಮ್ಮಂಥ ಹಳೇ ಮಂದೀನ ಹಿಂಗ ಮಾಡಿದ್ರ ಹೆಂಗ್ರಿ?" ಎಂದರು. ನನ್ನ ಬಡ್ತಿ ನಿಂತಿತು. ಅವನ ನೌಕರಿ ಉಳಿಯಿತು. ಬಲಗೈ ಕಿವಿಯಿಂದ ಮೇಲಕ್ಕೆ ಏಳದ್ದರಿಂದ ಅವನನ್ನು ಫೋನ್ ಕೋಣೆಗೆ ಹಾಕಿದರು. ಕುಸ್ತಿ ಅಲ್ಲಿಗೆ ಮುಗಿಯಿತು. ನಾನೇನು ಹರಿಶ್ಚಂದ್ರನಾಗಲಿಲ್ಲ. ಕೆಲವು ದಿನ ಅವನ ಮೇಲೆಯೇ ಒಳಗೊಳಗೆ ಸಿಟ್ಟಿತ್ತು. ನನ್ನ ಜೊತೆಯವರು ಬಡ್ತಿಯ ಪೇಢಾ ಹಂಚುವಾಗ ಅದು ಕಹಿಯಾಗಿತ್ತು.

ಬೆಂಕಿ ಬಿದ್ದ ಮೇಲೆ ಬಾವಿ ತೋಡಿದ ಹಾಗೆ ನೀರಿನ ಡ್ರಿಲ್ಲು ಮತ್ತೆ ಬಂತು. ಅಂಗಳದಲ್ಲಿ ಅಲ್ಲ. ಶನಿವಾರ ಹಳೆಯ ಗಾಡಿಯೊಂದನ್ನು ಕೆಲಗೇರಿ ಕೆರೆಯ ದಂಡೆಗೆ ಒಯ್ದು, ಅಲ್ಲಿಂದಲೇ ನೀರು ಎಳೆದು ಅಲ್ಲಿಗೇ ಹೊಡೆಯುವುದು. ಒಂದು ಕೊಡವೂ ವ್ಯರ್ಥವಿಲ್ಲ. ಮನೆಗೆ ಬಂದು ಹೆಂಡತಿಗೆ ಹೇಳಿದೆ.

"ಇಷ್ಟು ಹೊಳಿಯಾಕ ಒಬ್ಬರ ಮಗನ ಹೆಗಲ ಮುರೀಬೇಕಾತೇನ್ರಿ?" ಎಂದಳು.

ವರ್ಷಗಳು ಹೋದವು. ನಿವೃತ್ತಿಗೆ ಸ್ವಲ್ಪ ಮೊದಲು, ಒಂದು ಶನಿವಾರ, ಹೊಸ ತಂಡಕ್ಕೆ ತೋರಿಸಲು ಬ್ರಾಂಚ್ ಹಿಡಿದು ನಾನೇ ನಿಂತೆ. ಬೇಡವೆಂದು ಮೊಣಕಾಲು ಹೇಳುತ್ತಿತ್ತು, ನಾನು ಕೇಳಲಿಲ್ಲ. ಫೋನಿನ ಪಾಳಿ ಇಲ್ಲದ ದಿನ ಪೈಲ್ವಾನನೂ ನಮ್ಮ ಜೊತೆ ಬಂದು ದಂಡೆಯ ಮೇಲೆ ಕೂರುತ್ತಿದ್ದ. ಅಂದೂ ಬಂದಿದ್ದ.

ನೀರು ಬಿಡ್ರಿ ಎಂದೆ. ಪೈಪು ಉಬ್ಬುತ್ತ ನನ್ನ ಕಡೆಗೆ ಬಂತು. ಬಾಗಿದೆ, ಆದರೆ ಮುಂದಿಟ್ಟ ಕಾಲು ಮಡಚಿಕೊಂಡಿತು, ನೀರಿನ ಒತ್ತಡ ನನ್ನನ್ನು ಹಿಂದಕ್ಕೆ ತಳ್ಳಿತು. ಹಿಂದೆ ನಿಂತಿದ್ದ ಹೊಸಬ ಬೆಪ್ಪಾಗಿ ದೂರ ಸರಿದ. ಬಿದ್ದೆ ಅಂದುಕೊಳ್ಳುವಷ್ಟರಲ್ಲಿ ಒಂದು ಹೆಗಲು ಬಂದು ಬೆನ್ನಿಗೆ ಗಟ್ಟಿಯಾಗಿ ಒತ್ತಿತು.

"ಬಗ್ಗ್ರಿ ಸರ್. ಹಿಂದ ನಾ ಅದೇನಿ."

ಬಗ್ಗಿದೆ. ನೀರು ಕೆರೆಯ ನಡುವೆ ಹೋಗಿ ಬೀಳತೊಡಗಿತು. ಬ್ರಾಂಚ್ ಹಿಡಿದವನು ತಿರುಗಿ ನೋಡಬಾರದು ಎಂದು ಎಲ್ಲರಿಗೂ ಕಲಿಸಿದವನು ನಾನೇ, ಆದ್ದರಿಂದ ನೋಡಲಿಲ್ಲ. ಒತ್ತಿದ್ದು ಯಾವ ಹೆಗಲೆಂದು ಬೆನ್ನಿಗೇ ತಿಳಿಯುತ್ತಿತ್ತು. ಅದು ಎಡಗಡೆಯದು. ಪೈಲ್ವಾನನ ಬಲಗಡೆಯದನ್ನು ನಾನು ಎಂದೋ ಕಳೆದಿದ್ದೆ.